ಹದಿನೆಂಟು ಇಂಚಿನ ಬಳೆ

ಮನೆಯಲ್ಲಿರುವ ಒಂದೊಂದು ಸಾಮಾನಿಗೂ ಯಾರದೋ ಒಂದು ಮೈಯ ಅಳತೆ ಇರುತ್ತದೆ. ಆ ಮೈ ಯಾರದು ಎಂದು ನಾವು ಕೇಳಲು ಹೋಗುವುದಿಲ್ಲ, ಅಷ್ಟೆ. ತೀರ್ಥಹಳ್ಳಿಯ ಹತ್ತಿರದ ನನ್ನ ತವರುಮನೆಯಲ್ಲಿ ಅಡಿಗೆಮನೆಯ ನಾಗಂದಿಗೆ ಅಜ್ಜನ ಕೈಗೆ ಎಟುಕುವಷ್ಟು ಎತ್ತರದಲ್ಲಿತ್ತು. ಅಜ್ಜ ಅಡಿಗೆಮನೆಗೆ ಬರುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಆದರೆ ಮನೆ ಕಟ್ಟಿಸಿದವರು ಅವರು, ಬಡಗಿಗೆ ಕೈಯೆತ್ತಿ ತೋರಿಸಿದವರೂ ಅವರು. ಹಾಗಾಗಿ ಉಪ್ಪಿನಕಾಯಿಯ ಜಾಡಿ ಇಳಿಸಲು ಅಜ್ಜಿ, ಅಮ್ಮ, ಆಮೇಲೆ ನಾನು, ಹೀಗೆ ಮೂರು ತಲೆಮಾರಿನವರು ಮಣೆಯ ಮೇಲೆ ಮಣೆಯಿಟ್ಟು ಹತ್ತಿದ್ದೇವೆ. ನಾಗಂದಿಗೆಯನ್ನು ಒಂದು ಮೊಳ ಕೆಳಗಿಳಿಸಿದರಾಯಿತು ಎಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಬಾಯಿಬಿಟ್ಟು ಹೇಳಲಿಲ್ಲವೋ ತಿಳಿಯದು.

ಈಗ ನಾನು ಹೇಳಹೊರಟಿರುವುದು ಒಂದು ಹಳೆಯ ಲಾರಿಯ ಸ್ಟೇರಿಂಗ್ ಚಕ್ರದ ವಿಷಯ. ನಗಬೇಡಿ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳಿಗೂ ಲಾರಿಗೂ ಏನು ಸಂಬಂಧ ಎಂದು ನನ್ನ ನಾದಿನಿಯೂ ಕೇಳಿದಳು. ಸಂಬಂಧ ಬಂದದ್ದು ಮಗಳ ಮದುವೆಯಿಂದ. ಅವಳು ಕೈಹಿಡಿದದ್ದು ಅಮೆರಿಕದ ಮಿಶಿಗನ್ ರಾಜ್ಯದ ಹುಡುಗನನ್ನು. ಮದುವೆಯ ದಿನ ನಾವು ಎಷ್ಟು ಕಣ್ಣೀರು ಹಾಕಿದೆವು, ಆಮೇಲೆ ಎಷ್ಟು ಬೇಗ ಆ ಹುಡುಗ ನಮ್ಮವನಾದ ಎನ್ನುವುದೆಲ್ಲ ಬೇರೆ ಪುರಾಣ. ಅವನು ನನ್ನನ್ನು ಕನ್ನಡದಲ್ಲೇ ‘ಅಮ್ಮ’ ಎನ್ನುತ್ತಾನೆ. ಉಪ್ಪಿಟ್ಟು ಕಂಡರೆ ಮಾತ್ರ ಓಡುತ್ತಾನೆ.

2019ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವರಿದ್ದುದು ಲ್ಯಾನ್ಸಿಂಗ್ ಪಟ್ಟಣದಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ. ಪಕ್ಕದ ರಸ್ತೆಯಲ್ಲೇ ಬೀಗಿತ್ತಿಯ ಮನೆ. ಮನೆಯ ಹಿಂದೆ ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆ. ದನ ಇಲ್ಲ, ಹುಲ್ಲೂ ಇಲ್ಲ. ಅದರೊಳಗೆ ಒಂದು ಷೆವರ್ಲೆ ಟ್ರಕ್ಕು, 1951ರದು. ಟ್ರಕ್ಕು ಎಂದರೆ ನಮ್ಮ ಅಡಿಕೆ ಮಂಡಿಯ ಮುಂದೆ ನಿಲ್ಲುವ ಲಾರಿಯ ಹಾಗಲ್ಲ. ಮುಂದೆ ಮೂವರು ಒತ್ತಿಕೊಂಡು ಕೂರುವಷ್ಟು ಒಂದು ಗೂಡು, ಹಿಂದೆ ಹಲಗೆ ಹಾಸಿದ ತೆರೆದ ತೊಟ್ಟಿ. ಉಬ್ಬಿದ ಕೆನ್ನೆ, ದುಂಡು ಕಣ್ಣು, ಮೂಗಿನ ಕೆಳಗೆ ಅಡ್ಡ ಪಟ್ಟಿಗಳು, ನೋಡಿದರೆ ಊಟ ಮಾಡಿ ಜಗಲಿಯಲ್ಲಿ ಕೂತ ಹಿರಿಯರ ಮುಖದಂತೆ. 1947ರಿಂದ 1955ರ ಆರಂಭದವರೆಗೆ ಆ ಕಂಪೆನಿಯವರು ಇದೇ ಮುಖದ ಟ್ರಕ್ಕುಗಳನ್ನು ಮಾಡಿದರಂತೆ. ಆರು ಸಿಲಿಂಡರಿನ ಎಂಜಿನ್, ಆರು ವೋಲ್ಟಿನ ಬ್ಯಾಟರಿ. ಪೆಟ್ರೋಲಿನ ಟ್ಯಾಂಕು ಸೀಟಿನ ಬೆನ್ನ ಹಿಂದೆಯೇ, ಗೂಡಿನ ಒಳಗಡೆ. ಕೂತಾಗಲೆಲ್ಲ ನನಗೆ ಗ್ಯಾಸ್ ಸಿಲಿಂಡರಿಗೆ ಒರಗಿ ಕೂತಂತಾಗುತ್ತಿತ್ತು.

ಬೀಗರು 1974ರಲ್ಲಿ ಒಬ್ಬ ರೈತನಿಂದ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. 2017ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಓಡಿಸಿದವರು ಅವರೊಬ್ಬರೇ. ನಲವತ್ತಮೂರು ವರ್ಷ ಬೀಗಿತ್ತಿ ಬಲಗಡೆ ಕೂತಿದ್ದರು. ಅವರು ಕಾರು ಓಡಿಸುತ್ತಾರೆ, ಹಿಮದಲ್ಲಿ ಓಡಿಸುತ್ತಾರೆ, ಶಾಲೆಯ ಬಸ್ಸನ್ನೂ ಕೆಲವು ವರ್ಷ ಓಡಿಸಿದ್ದಾರೆ. ಆದರೆ ಈ ಟ್ರಕ್ಕನ್ನು ಮಾತ್ರ ಓಡಿಸಿರಲಿಲ್ಲ. “ಅದು ನಿನಗೆ ದೊಡ್ಡದಾಗುತ್ತದೆ” ಎನ್ನುತ್ತಿದ್ದರಂತೆ ಗಂಡ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ನಮ್ಮ ಅಜ್ಜನೂ ನಾಗಂದಿಗೆಯ ಬಗ್ಗೆ ಪ್ರೀತಿಯಿಂದಲೇ ಮಾತಾಡುತ್ತಿದ್ದರು.

ದೊಡ್ಡದೆನ್ನುವುದು ಸುಳ್ಳಲ್ಲ. ಬೀಗಿತ್ತಿಯ ಎತ್ತರ ಐದಡಿ ಒಂದಂಗುಲ. ನನಗಿಂತ ಎರಡು ಅಂಗುಲ ಜಾಸ್ತಿ, ಆದರೆ ಆ ಊರಿನ ಲೆಕ್ಕಕ್ಕೆ ಕುಳ್ಳಿ. ಕ್ಲಚ್ಚಿಗೆ ಕಾಲು ಪೂರ್ತಿ ಸಿಗಬೇಕಾದರೆ ಸೀಟನ್ನು ಮುಂದಕ್ಕೆ ತಳ್ಳಬೇಕು. ತಳ್ಳಿದರೆ ಸ್ಟೇರಿಂಗ್ ಚಕ್ರ ಹೊಟ್ಟೆಗೆ ಒತ್ತುತ್ತದೆ, ಕೆಳಗಿನ ಅಂಚು ತೊಡೆಯ ಮೇಲೆ ಕೂರುತ್ತದೆ, ಮೇಲಿನ ಅಂಚು ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತದೆ. ನಾನು ಹೊಲಿಗೆಯ ಟೇಪು ಹಿಡಿದು ನೋಡಿದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೆಚ್ಚು ಕಡಿಮೆ ಹದಿನೆಂಟು ಇಂಚು. ನಮ್ಮ ಮನೆಯ ದೊಡ್ಡ ಮೊರದಷ್ಟು ಅಗಲ.

ಇಷ್ಟು ದೊಡ್ಡದಾಗಿ ಯಾಕೆ ಮಾಡಿದರು ಎಂದು ಕೇಳಿದರೆ ಅದಕ್ಕೆ ನ್ಯಾಯವಾದ ಕಾರಣವೇ ಇದೆ. ಆಗ ಇಂಥ ಗಾಡಿಗಳಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ಮುಂದಿನ ಗಾಲಿಗಳನ್ನು ತಿರುಗಿಸುವ ಬಲವೆಲ್ಲ ಮನುಷ್ಯನ ತೋಳಿನಿಂದಲೇ ಬರಬೇಕು. ಚಕ್ರ ದೊಡ್ಡದಾದಷ್ಟೂ ಕಡಿಮೆ ಬಲ ಸಾಕು, ಬೀಸುವ ಕಲ್ಲಿನ ಗೂಟ ಅಂಚಿನಲ್ಲಿರುವುದೂ ಅದಕ್ಕೇ. ಗೂಟವನ್ನು ನಡುವಿಗೆ ತಂದರೆ ರಾಗಿ ಬೀಸುವವಳ ಗತಿ ಏನಾದೀತು, ನೀವೇ ಯೋಚಿಸಿ. ಎಣ್ಣೆಯ ಒತ್ತಡದಿಂದ ಸ್ಟೇರಿಂಗನ್ನು ಹಗುರ ಮಾಡುವ ಉಪಾಯವನ್ನು ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು 1926ರಲ್ಲೇ ಮಾಡಿ ತೋರಿಸಿದ್ದರು. ಅವರು ಅದಕ್ಕೂ ಮೊದಲು ದುಡಿದದ್ದು ಪಿಯರ್ಸ್ ಆರೋ ಕಂಪೆನಿಯ ಲಾರಿ ವಿಭಾಗದಲ್ಲೇ. ಲಾರಿ ಚಾಲಕರ ತೋಳು ಬೀಳುವುದನ್ನು ಕಣ್ಣಾರೆ ಕಂಡವರು. ಆದರೆ ಖರ್ಚು ಹೆಚ್ಚೆಂದು ದೊಡ್ಡ ಕಂಪೆನಿಯೊಂದು 1934ರಲ್ಲಿ ಅದನ್ನು ಕೈಬಿಟ್ಟಿತು. ಕೊನೆಗೆ ಮಾರುವ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಎಂಬ ಶ್ರೀಮಂತರ ಕಾರಿಗೆ. ಅದೇ ವರ್ಷ ಹುಟ್ಟಿದ ನಮ್ಮ ಟ್ರಕ್ಕು ಬಡವರ ಮನೆಯ ಕೂಸು, ಅದಕ್ಕೆಲ್ಲಿ ಆ ಭಾಗ್ಯ.

ದೊಡ್ಡ ಚಕ್ರದ ಚಾಲಕರನ್ನು ನಾನೂ ಕಂಡಿದ್ದೇನೆ. ಜನರಲ್ ಮೋಟರ್ಸಿನವರು 1928ರಿಂದ 1954ರವರೆಗೆ ಮುಂಬಯಿಯಲ್ಲಿ ಷೆವರ್ಲೆ ಕಾರು, ಲಾರಿ, ಬಸ್ಸುಗಳನ್ನು ಜೋಡಿಸುತ್ತಿದ್ದರು. ನನ್ನ ಬಾಲ್ಯದ ಮಲೆನಾಡಿನಲ್ಲಿ ಆ ಕಾಲದ ಮೂತಿಯುದ್ದದ ಬಸ್ಸುಗಳು ಇನ್ನೂ ಉಸಿರು ಹಿಡಿದುಕೊಂಡಿದ್ದವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಡ್ರೈವರು ಸೀಟಿನಿಂದ ಅರ್ಧ ಎದ್ದು, ಚಕ್ರವನ್ನು ತಬ್ಬಿಕೊಂಡು, ಮೈಯಿಡೀ ಒಂದು ಕಡೆಗೆ ವಾಲಿಸಿ ತಿರುಗಿಸುತ್ತಿದ್ದ. ನಾವು ಮಕ್ಕಳು ಬಸ್ಸೇ ಅವನನ್ನು ತಿರುಗಿಸುತ್ತಿದೆ ಎಂದುಕೊಂಡಿದ್ದೆವು. ಅಂಥ ಸೀಟಿನಲ್ಲಿ ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡವರು ಆಗ ನಮ್ಮೂರಿನಲ್ಲಿ ಯಾರೂ ಇರಲಿಲ್ಲ.

ಆ ಜೂನ್ ತಿಂಗಳ ಒಂದು ಸಂಜೆ ಊಟದ ಮೇಜಿನಲ್ಲಿ ಬೀಗಿತ್ತಿ ಮಗನಿಗೆ ಹೇಳಿದರು: “ಆ ಚಕ್ರವನ್ನು ಸಣ್ಣದು ಮಾಡಿಸು. ಈ ಆಗಸ್ಟಿನಲ್ಲಿ ನಾನು ಟ್ರಕ್ಕು ಓಡಿಸುತ್ತೇನೆ.”

ಆಗಸ್ಟೇ ಏಕೆಂದರೆ ಅದಕ್ಕೂ ಒಂದು ಕಾನೂನು. ಆ ರಾಜ್ಯದಲ್ಲಿ ಇಪ್ಪತ್ತೈದು ವರ್ಷ ಮೀರಿದ ಗಾಡಿಗೆ ‘ಐತಿಹಾಸಿಕ’ ಎಂಬ ನಂಬರ್ ಪ್ಲೇಟು ಕೊಡುತ್ತಾರೆ. ಖರ್ಚು ಕಡಿಮೆ, ಆದರೆ ಮೆರವಣಿಗೆ, ಪ್ರದರ್ಶನ, ರಿಪೇರಿಯ ಪರೀಕ್ಷೆ ಇಂಥದಕ್ಕೆ ಬಿಟ್ಟು ದಿನನಿತ್ಯದ ಕೆಲಸಕ್ಕೆ ಬಳಸುವ ಹಾಗಿಲ್ಲ. ಆಗ ಆಗಸ್ಟ್ ತಿಂಗಳೊಂದರಲ್ಲಿ ಮಾತ್ರ ಎಲ್ಲಿಗಾದರೂ ಹೋಗಬಹುದಿತ್ತು. ವರ್ಷಕ್ಕೊಂದು ತಿಂಗಳು ತವರಿಗೆ ಹೋಗುವ ಸೊಸೆಯ ಹಾಗೆ.

ಅಳಿಯ ಫೋರ್ಕು ಕೆಳಗಿಟ್ಟ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು. ಆ ಚಕ್ರದ ಎಡಭಾಗದಲ್ಲಿ, ಗಡಿಯಾರದ ಲೆಕ್ಕದಲ್ಲಿ ಹತ್ತು ಗಂಟೆಯ ಜಾಗದಲ್ಲಿ, ಕಪ್ಪು ಬಣ್ಣ ಸವೆದು ಒಂದು ನುಣುಪಾದ ಗುರುತು ಬಿದ್ದಿತ್ತು. ಬೀಗರ ಎಡಗೈ ಯಾವಾಗಲೂ ಅಲ್ಲೇ ಇರುತ್ತಿತ್ತು. ಬಲಗೈ ಗೇರಿಗೆ ಹೋಗಿ ಬರುತ್ತಿತ್ತು, ಎಡಗೈ ಕದಲುತ್ತಿರಲಿಲ್ಲ. ಅಪ್ಪ ತೀರಿದ ಮೇಲೆ ಈ ಹುಡುಗ ಕೊಟ್ಟಿಗೆಗೆ ಹೋಗಿ ಆ ಜಾಗದ ಮೇಲೆ ಕೈಯಿಟ್ಟು ಕೂತಿರುತ್ತಾನೆ ಎಂದು ಮಗಳು ನನಗೆ ಫೋನಿನಲ್ಲಿ ಹೇಳಿದ್ದಳು.

“ಹೊಸದು ಸಿಗುತ್ತದೆ. ಹದಿನೈದು ಇಂಚಿನದು, ಹಳೆಯದರ ಹಾಗೆಯೇ ಮಾಡಿ ಮಾರುತ್ತಾರೆ. ಅದನ್ನು ತರಿಸಿ ಹಾಕುತ್ತೇನೆ. ಅಪ್ಪನದನ್ನು ಗೋಡೆಗೆ ತೂಗುಹಾಕೋಣ” ಎಂದ.

“ನನಗೆ ಹೊಸದು ಬೇಡ. ಅವರು ಅದನ್ನು ಹಿಡಿದಷ್ಟು ವರ್ಷವೂ ನಾನು ಪಕ್ಕದಲ್ಲಿ ಕೂತು ಅದನ್ನೇ ನೋಡಿದ್ದೇನೆ. ಗೋಡೆಯ ಮೇಲೆ ನೋಡುವುದಕ್ಕೆ ನನಗೆ ಅವರ ಫೋಟೋ ಇದೆ.”

ಆಮೇಲೆ ಅವರಿಬ್ಬರ ನಡುವೆ ಮಾತು ಬಿಸಿಯಾಯಿತು. ಅಸಲು ಚಕ್ರವನ್ನು ಕತ್ತರಿಸಿದರೆ ಟ್ರಕ್ಕಿನ ಬೆಲೆ ಇಳಿಯುತ್ತದೆ ಎಂದ ಅವನು. ನಾನೇನು ಮಾರುತ್ತೇನೆಯೇ ಎಂದರು ಅವರು. ಸಣ್ಣ ಚಕ್ರ ತಿರುಗಿಸಲು ಭಾರ, ನಿನಗೆ ಎಪ್ಪತ್ತೆರಡು ವರ್ಷ ಎಂದ. ಎಪ್ಪತ್ತೆರಡು ಎಂದು ನನಗೂ ಗೊತ್ತು ಎಂದರು. ಹಳೆಯ ಗಾಡಿಯಲ್ಲಿ ಸ್ಟೇರಿಂಗಿನ ದಂಡ ಒಂದೇ ಉದ್ದದ ಉಕ್ಕಿನ ಸರಳು, ಡಿಕ್ಕಿಯಾದರೆ ಈಟಿಯ ಹಾಗೆ ಎದೆಗೆ ಬರುತ್ತದೆ ಎಂದು ಇನ್ನೊಂದು ಬಾಣ ಬಿಟ್ಟ. ಈ ಮಾತಿನಲ್ಲಿ ಹುರುಳಿತ್ತು. ಡಿಕ್ಕಿಯಾದಾಗ ತಾನೇ ಕುಸಿದು ಪೆಟ್ಟನ್ನು ನುಂಗುವ ದಂಡವನ್ನು ಜನರಲ್ ಮೋಟರ್ಸಿನವರು ತಮ್ಮ ಕಾರುಗಳಿಗೆ ಹಾಕಿದ್ದು 1967ರ ಮಾದರಿಗಳಿಂದ. “ಅದೇ ಈಟಿಯ ಮುಂದೆ ನಿನ್ನಪ್ಪನನ್ನು ಕೂರಿಸಿ ನೀನು ಯಾವತ್ತೂ ಹೆದರಲಿಲ್ಲವಲ್ಲ. ದೊಡ್ಡ ಚಕ್ರ ಹೊಟ್ಟೆಗೆ ಒತ್ತಿಕೊಂಡಿದ್ದರೆ ಈಟಿ ದೂರವಾಗುತ್ತದೆಯೇ?” ಎಂದರು ಬೀಗಿತ್ತಿ. ಮಗಳು ನನ್ನ ಕಡೆ ನೋಡಿ, “ಅಮ್ಮಾ, ನೀನು ಮಧ್ಯ ಬಾಯಿ ಹಾಕ್ಬೇಡ ಮತ್ತೆ” ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು. ಅವಳು ಅತ್ತೆಯನ್ನು ಹೆಸರು ಹಿಡಿದು ಕರೆಯುವವಳು, ನನಗೆ ಬುದ್ಧಿ ಹೇಳುತ್ತಾಳೆ!

ಬಾಯಿ ಹಾಕಿದ್ದು ನಾನಲ್ಲ, ಬೀಗಿತ್ತಿಯೇ ಕೇಳಿದರು. “ನಿಮಗೇನನ್ನಿಸುತ್ತದೆ?”

ನನಗೆ ತಕ್ಷಣ ನೆನಪಾದದ್ದು ನನ್ನಮ್ಮನ ಬಳೆ. ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಮಗಳ ಸಹಾಯ ತೆಗೆದುಕೊಂಡು ಹೇಳಿದೆ. 1978ರಲ್ಲಿ ಅಪ್ಪ ತೀರಿಕೊಂಡಾಗ ಅಮ್ಮನಿಗೆ ನಲವತ್ತಾರು. ಊರಿನ ಹಿರಿಯ ಹೆಂಗಸರು ಬಂದು ಅವಳ ಕೈಯ ಗಾಜಿನ ಬಳೆ ತೆಗೆಸಿದರು. ಚಿನ್ನದ ಎರಡು ಬಳೆಯನ್ನು ಅವಳೇ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಹದಿನಾರು ವರ್ಷ ಅವು ಅಲ್ಲೇ ಇದ್ದವು. 1994ರಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, ಮೊಮ್ಮಗಳ ಕೈಗೆ ಅವನ್ನು ಹಾಕಬೇಕು ಎಂದು ಹಠ ಹಿಡಿದಳು. ಅಮ್ಮನ ಬಳೆ ಎರಡು-ಆರರದು, ಹುಡುಗಿಯ ಕೈಗೆ ಎರಡು-ನಾಲ್ಕು ಬೇಕು. ಕರಗಿಸಿ ಹೊಸದು ಮಾಡಿಸೋಣ ಎಂದೆವು. ಒಪ್ಪಲಿಲ್ಲ. “ಅದೇ ಬಳೆ ಕಿರಿದಾಗಲಿ” ಎಂದಳು. ತೀರ್ಥಹಳ್ಳಿಯ ಅಕ್ಕಸಾಲಿಯ ಮುಂದೆ ತಾನೇ ಹೋಗಿ ಕೂತಳು.

ಎರಡು-ಆರು, ಎರಡು-ನಾಲ್ಕು ಎನ್ನುವುದನ್ನು ನಾವೆಲ್ಲ ಬಳೆಗಾರನ ಮುಂದೆ ಸರಾಗವಾಗಿ ಹೇಳುತ್ತೇವೆ. ಅದರ ಅರ್ಥ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಪಾಲು, ನಾಲ್ಕು ಪಾಲು ಎಂದು. ವ್ಯತ್ಯಾಸ ಇಂಚಿನ ಎಂಟರಲ್ಲೊಂದು, ಎಂದರೆ ಮೂರು ಮಿಲಿಮೀಟರು. ಆದರೆ ಅಕ್ಕಸಾಲಿ ಬಳೆ ಬಿಡಿಸಿ ಒಂದು ಸೆಂಟಿಮೀಟರು ಉದ್ದದ ಚಿನ್ನ ಕತ್ತರಿಸಿದಾಗ ಅಮ್ಮ ಗಾಬರಿಯಾದಳು. “ಇಷ್ಟ್ಯಾಕೆ ತೆಗ್ದೆ?” ಎಂದು ಕೇಳಿದಳು. ಅವನು, “ಅಮ್ಮಾ, ಅಡ್ಡಕ್ಕೆ ಒಂದು ಕಡಿಮೆಯಾಗ್ಬೇಕು ಅಂದ್ರೆ ಸುತ್ತಿಗೆ ಮೂರು ಕಡಿಮೆಯಾಗ್ಬೇಕು” ಎಂದ. ಶಾಲೆಯಲ್ಲಿ ನಾನು ವೃತ್ತದ ಪರಿಧಿ ಕಲಿಸಲು ಎಷ್ಟು ಸೀಮೆಸುಣ್ಣ ಸವೆಸಿದ್ದೆನೋ, ಅವನು ಒಂದೇ ಮಾತಿನಲ್ಲಿ ಮುಗಿಸಿದ.

ಗಾಜಿನ ಬಳೆಯ ಮಾತನ್ನು ಹೇಳುವುದೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದ್ದೆ. ಬೀಗಿತ್ತಿ ಅದರ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕತ್ತರಿಸಿದ ತುಂಡು ಏನಾಯಿತು?” ಎಂದರು.

ಹೆಂಗಸು ಹೆಂಗಸೇ! ತುಂಡು ಅಕ್ಕಸಾಲಿಯ ಬಳಿ ಉಳಿಯದಂತೆ ಕಣ್ಣಿಟ್ಟು ಕಾಯುವುದೇ ಅಲ್ಲವೇ ಅಲ್ಲಿ ಹೋಗಿ ಕೂರುವ ಉದ್ದೇಶ. ಅಮ್ಮ ಎರಡು ತುಂಡನ್ನೂ ತೂಗಿಸಿ ಇಸಿದುಕೊಂಡಿದ್ದಳು. ಅದರಲ್ಲಿ ನನಗೆ ಮೂಗುಬೊಟ್ಟು ಮಾಡಿಸಿಕೊಟ್ಟಳು. ನಾನು ಮೂಗಿನ ಮೇಲೆ ಬೆರಳಿಟ್ಟು ತೋರಿಸಿದೆ. ಬೀಗಿತ್ತಿ ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಹಾಕಿಕೊಂಡು, ನನ್ನ ಮೂಗನ್ನು ಹತ್ತಿರದಿಂದ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, “ನಿನಗೆ ಬೇಕಾದ ತುಂಡನ್ನು ನೀನೇ ಆರಿಸಿಕೋ. ಮಿಕ್ಕದ್ದು ನನಗೆ” ಎಂದರು.

ಆ ರಾತ್ರಿ ಅಳಿಯ ಏನೂ ಹೇಳಲಿಲ್ಲ. ಎರಡು ದಿನ ಕಳೆದು ಕಾಗದ, ಪೆನ್ಸಿಲು ಹಿಡಿದು ನನ್ನ ಬಳಿ ಬಂದ. “ಅಮ್ಮಾ, ಲೆಕ್ಕ ಮಾಡೋಣವೇ?”

ಲೆಕ್ಕ ಅಕ್ಕಸಾಲಿಯದೇ. ಹದಿನೆಂಟು ಇಂಚು ಅಡ್ಡಗಲದ ಚಕ್ರದ ಸುತ್ತಳತೆ 56.5 ಇಂಚು. ಹದಿನೈದಕ್ಕೆ ಇಳಿಸಿದರೆ 47.1. ಅಂಚಿನಿಂದ 9.4 ಇಂಚು ತೆಗೆಯಬೇಕು, ನಡುವಿನಿಂದ ಅಂಚಿಗೆ ಹೋಗುವ ಮೂರು ಕಡ್ಡಿಗಳನ್ನೂ ಒಂದೂವರೆ ಇಂಚಿನಂತೆ ಮೊಟಕು ಮಾಡಬೇಕು. ಹದಿನೆಂಟರಲ್ಲಿ ಮೂರು ಎಂದರೆ ಆರರಲ್ಲೊಂದು ಭಾಗ. ಗಡಿಯಾರದ ಮೇಲೆ ಇಟ್ಟು ನೋಡಿದರೆ ಕರಾರುವಾಕ್ಕಾಗಿ ಎರಡು ಗಂಟೆಯಷ್ಟು ಜಾಗ. ಒಂಬತ್ತರಿಂದ ಹನ್ನೊಂದರವರೆಗೆ! ಹತ್ತು ಗಂಟೆಯ ಸವೆದ ಗುರುತು ಸರಿಯಾಗಿ ನಡುವೆ ಬರುತ್ತದೆ. ಅವನು ಪೆನ್ಸಿಲಿನಿಂದ ಆ ತುಂಡಿಗೆ ಗುರುತು ಹಾಕಿದ, ಅಳಿಸಿದ, ಮತ್ತೆ ಹಾಕಿದ.

ಈ ಕೆಲಸ ಬಳೆಯಷ್ಟು ಸುಲಭವಲ್ಲ ಎನ್ನುವುದು ಆಮೇಲೆ ತಿಳಿಯಿತು. ಚಿನ್ನ ಹೊರಗೂ ಚಿನ್ನ, ಒಳಗೂ ಚಿನ್ನ. ಆ ಚಕ್ರದ ಒಳಗೆ ಬೆರಳು ಗಾತ್ರದ ಉಕ್ಕಿನ ಸರಳು, ಅದರ ಮೇಲೆ ಕಪ್ಪು ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ. ವರ್ಷಗಟ್ಟಲೆ ಬಿಸಿಲಿಗೆ, ಚಳಿಗೆ ಆ ಹೊದಿಕೆ ಕುಗ್ಗಿ ಕಡ್ಡಿಗಳು ಸೇರುವ ಕಡೆಯೆಲ್ಲ ಬಿರುಕು ಬಿಟ್ಟಿತ್ತು, ಚಳಿಗಾಲದ ಹಿಮ್ಮಡಿಯ ಹಾಗೆ. ಸರಳನ್ನು ಇನ್ನಷ್ಟು ಬಾಗಿಸಿದರೆ ಹೊದಿಕೆ ಪುಡಿಯಾಗುವುದು ಖಂಡಿತ. ಆದ್ದರಿಂದ ಮೊದಲು ಅಳಿಯ ಆರಿಸಿದ ತುಂಡನ್ನು ಹೊದಿಕೆ ಸಮೇತ ಕತ್ತರಿಸಿ ತೆಗೆಯುವುದು, ಆಮೇಲೆ ಉಳಿದದ್ದನ್ನು ಸುಲಿದು ಬರೀ ಸರಳು ಮಾಡುವುದು, ಬಾಗಿಸುವುದು, ಬೆಸೆಯುವುದು, ಹೊಸ ಹೊದಿಕೆ ಕೊಡುವುದು ಎಂದು ನಿಶ್ಚಯವಾಯಿತು.

ಬೆಸುಗೆಗೆ ಸಿಕ್ಕವರು ಬೀಗರ ಹಳೆಯ ಸ್ನೇಹಿತರು, ಫ್ಲಿಂಟ್ ಊರಿನ ಕಾರ್ಖಾನೆಯಲ್ಲಿ ಅದೇ ಕೆಲಸ ಮಾಡಿ ನಿವೃತ್ತರಾದವರು. ಮಾತು ಬಹಳ ಕಡಿಮೆ. ಜುಲೈ ಮೊದಲ ವಾರ ಕೊಟ್ಟಿಗೆಗೆ ಬಂದು, ಹಾರ್ನಿನ ಗುಂಡಿ ಬಿಚ್ಚಿ, ನಡುವಿನ ನಟ್ಟು ಸಡಿಲಿಸಿ, ಪುಲ್ಲರ್ ಎಂಬ ಮೂರು ಕಾಲಿನ ಸಾಧನ ಹಾಕಿ ಚಕ್ರವನ್ನು ಎಳೆದರು. ಅಷ್ಟು ವರ್ಷದಿಂದ ಹಿಡಿದು ಕೂತಿದ್ದ ಚಕ್ರ ‘ಟಪ್’ ಎಂದು ಗುಂಡು ಹಾರಿದಂತೆ ಸದ್ದು ಮಾಡಿ ಬಿಟ್ಟುಕೊಂಡಿತು. ಬಿಡಿಸುವ ಮುಂಚೆ ದಂಡಕ್ಕೂ ಚಕ್ರಕ್ಕೂ ಒಂದೇ ನೇರದಲ್ಲಿ ಗೀರು ಹಾಕಿಕೊಂಡಿದ್ದರು. ಇಲ್ಲದಿದ್ದರೆ ತಿರುಗಿ ಕೂರಿಸುವಾಗ ನೇರ ತಪ್ಪುತ್ತದಂತೆ.

ಗರಗಸ ಹಿಡಿದದ್ದು ಅಳಿಯನೇ. ಬೇರೆಯವರಿಗೆ ಕೊಡಲಿಲ್ಲ. ಬೀಗಿತ್ತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಎರಡು ಕಡೆಯ ಕೊಯ್ತ ಮುಗಿದು ತುಂಡು ಅವನ ಕೈಗೆ ಬಂದಾಗ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಸೀದಾ ಮನೆಗೆ ನಡೆದುಬಿಟ್ಟ. ನಾವು ಯಾರೂ ಕರೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಮುಖ ತೊಳೆದುಕೊಂಡು ಬಂದು, “ಸರಿ, ಮುಂದೇನು?” ಎಂದ.

ಮುಂದೆ ಸುಲಿಯುವ ಕೆಲಸ. ಉಳಿ ಸುತ್ತಿಗೆ ಹಿಡಿದು ಕುಟ್ಟಿದರೆ ಹೊದಿಕೆ ಒಣಗಿದ ಹುಣಸೆಹಣ್ಣಿನ ಸಿಪ್ಪೆಯ ಹಾಗೆ ಬಿಟ್ಟಿತು. ಮೂರು ಉರುಳೆಗಳ ಬಾಗಿಸುವ ಯಂತ್ರದಲ್ಲಿ ಸರಳನ್ನು ಮತ್ತೆ ಮತ್ತೆ ಓಡಿಸಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಪ್ಲೈವುಡ್ ಹಲಗೆಯ ಮೇಲೆ ಹದಿನೈದು ಇಂಚಿನ ವೃತ್ತ ಬರೆದವಳು ನಾನು. ದಾರ, ಮೊಳೆ, ಪೆನ್ಸಿಲು, ಅಷ್ಟೇ ಸಾಮಾನು. ಆ ಗೆರೆಯ ಸುತ್ತ ಮರದ ತುಂಡುಗಳನ್ನು ಹೊಡೆದು ಉಂಗುರವನ್ನು ಕೂರಿಸಿ, ನಡುವೆ ಚಕ್ರದ ಗುಂಬವನ್ನು ಬೋಲ್ಟಿನಿಂದ ಬಿಗಿದರು. ಬೆಸುಗೆಯ ಬಿಸಿ ನಡುಭಾಗಕ್ಕೆ ತಾಗದಂತೆ ಒದ್ದೆ ಬಟ್ಟೆ ಸುತ್ತಿದರು. ಮೊದಲು ಅಲ್ಲಲ್ಲಿ ಚುಕ್ಕೆಯಷ್ಟು ಬೆಸೆದು, ತಿರುಗಿಸಿ ನೋಡಿ, ಓರೆಯಾದಲ್ಲಿ ತಟ್ಟಿ, ನೇರವಾಯಿತು ಎಂದ ಮೇಲೆಯೇ ಪೂರ್ತಿ ಬೆಸುಗೆ. ಬೆಸುಗೆಯವರು ಕೊನೆಗೆ ಅದನ್ನು ನೆಲದ ಮೇಲಿಟ್ಟು, ತಾವೇ ಮೇಲೆ ನಿಂತು ಕುಣಿದು ನೋಡಿದರು. ಮುರಿಯಲಿಲ್ಲ. ಸ್ಟೇರಿಂಗಿನ ಬೆಸುಗೆ ಬಿಟ್ಟರೆ ಪ್ರಾಣವೇ ಹೋಗುತ್ತದೆ, ಆದ್ದರಿಂದ ಈ ಒಂದು ಕೆಲಸ ಮಾತ್ರ ಮನೆಯವರು ಮಾಡಬಾರದು ಎಂದರು. ಅವರು ಅಂದಾಡಿದ ಅತಿ ಉದ್ದದ ಮಾತು ಅದೇ.

ಹೊದಿಕೆಯ ಕೆಲಸಕ್ಕೆ ಬಂದಾಗ ನನಗೆ ನನ್ನ ಸಾಮ್ರಾಜ್ಯ ಸಿಕ್ಕಿತು. ಎರಡು ಡಬ್ಬಿಯ ಎಪಾಕ್ಸಿ ಅಂಟನ್ನು ಸಮಪಾಲಾಗಿ ತೆಗೆದು, ಎರಡು ಬಣ್ಣ ಒಂದಾಗುವವರೆಗೆ ಕಲೆಸಬೇಕು. ಅದು ಗಟ್ಟಿಯಾಗುವುದರೊಳಗೆ ಸರಳಿನ ಸುತ್ತ ಒಂದೇ ದಪ್ಪಕ್ಕೆ ಹೊಸೆಯಬೇಕು. ಅಳಿಯ ಮೊದಲು ಮಾಡಿದ್ದು ಹಾವು ಇಲಿ ನುಂಗಿದ ಹಾಗಿತ್ತು. “ಸರಿ, ನೀನು ಏಳು” ಎಂದೆ. ಕೋಡುಬಳೆ ಹೊಸೆದವಳಿಗೆ ಇದೇನು ಮಹಾ ವಿದ್ಯೆ? ಕೈಗವಸು ಹಾಕಿಕೊಂಡು, ಉಂಡೆ ಮಾಡಿ, ಎಳೆ ಹೊಸೆದು, ಸರಳಿಗೆ ಸುತ್ತಿ, ಒದ್ದೆ ಬೆರಳಿನಿಂದ ನೀವಿ, ಎಳೆಯ ತುದಿಗೆ ತುದಿ ಸೇರುವಲ್ಲಿ ಸ್ವಲ್ಪ ತೆಳ್ಳಗೆ ಮಾಡಿ ಒಂದರ ಮೇಲೊಂದು ಒತ್ತಿದೆ. ಹಾಗೆ ಮಾಡದಿದ್ದರೆ ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಡುತ್ತದೆ ಎಂದು ಬೀಗಿತ್ತಿಗೆ ವಿವರಿಸಿದೆ. ಇದನ್ನು ಎಣ್ಣೆಗೆ ಬಿಡುವುದಿಲ್ಲ ಎಂದು ಮಗಳು ನೆನಪು ಮಾಡಿದಳು. ಆಮೇಲೆ ಐದಾರು ದಿನ ಬೀಗಿತ್ತಿಯೂ ನಾನೂ ಜಗಲಿಯಲ್ಲಿ ಕೂತು ಮರಳುಕಾಗದ ಉಜ್ಜಿದೆವು, ದೊರಗಿನಿಂದ ನುಣ್ಣಗಿನದಕ್ಕೆ, ಕೊನೆಗೆ ನೀರು ಹಾಕಿ. ಹಿಂಬದಿಯಲ್ಲಿ ಬೆರಳು ಹಿಡಿಯುವ ಹಳ್ಳಗಳನ್ನು ದುಂಡು ಅರದಿಂದ ಬೀಗಿತ್ತಿಯೇ ಕೊರೆದರು. ತಮ್ಮ ಬೆರಳು ಇಟ್ಟು ಇಟ್ಟು ನೋಡಿ, ತಮ್ಮ ಬೆರಳಿನ ಅಂತರಕ್ಕೇ ಕೊರೆದರು. ಅಳಿಯ ಮೂರು ಕೈ ಕಪ್ಪು ಬಣ್ಣ ಹೊಡೆದ.

ಇಷ್ಟೆಲ್ಲ ಮಾಡಿ ಹೊಟ್ಟೆಯ ಮುಂದೆ ದಕ್ಕಿದ ಜಾಗ ಎಷ್ಟು? ಒಂದೂವರೆ ಇಂಚು. ಮೇಲೆ ಒಂದೂವರೆ, ಕೆಳಗೆ ಒಂದೂವರೆ. ಗಂಡಸರಿಗೆ ಇದು ನಗೆಯ ವಿಷಯವಿರಬಹುದು. ರವಿಕೆಯ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರೆ ಎಷ್ಟು ವರ್ಷ ಕಳೆಯಬಹುದು ಎನ್ನುವುದು ನಮಗೆ ಗೊತ್ತು. ಬೀಗಿತ್ತಿ ಸೀಟು ಮುಂದೆ ತಳ್ಳಿ ಕೂತರು. ಕಾಲು ಕ್ಲಚ್ಚಿಗೆ ಸಿಕ್ಕಿತು, ತೊಡೆ ಅಲ್ಲಾಡಿತು, ಕಣ್ಣಿಗೆ ರಸ್ತೆ ಕಂಡಿತು.

ಭಾರದ ಮಾತು ಮಾತ್ರ ನಿಜವೇ. ಹದಿನೆಂಟನ್ನು ಹದಿನೈದರಿಂದ ಭಾಗಿಸಿದರೆ 1.2. ಮುಂಚೆ ಹತ್ತು ಕಿಲೋ ಬಲ ಬೇಕಿದ್ದಲ್ಲಿ ಈಗ ಹನ್ನೆರಡು. ಇದಕ್ಕೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ಹಗುರ ಮಾಡಿಕೊಂಡೆವು. ಮುಂದಿನ ಗಾಲಿಗಳು ತಿರುಗುವ ಕಿಂಗ್ ಪಿನ್ನುಗಳಿಗೆ ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗ್ರೀಸು ಒತ್ತಿದರು. ಸಪೂರದ ಹಳೆಯ ಮಾದರಿಯ ಟೈರುಗಳನ್ನೇ ಉಳಿಸಿಕೊಂಡು ಗಾಳಿ ಸರಿಯಾಗಿ ತುಂಬಿದರು. ಅಗಲದ ಟೈರು ಹಾಕಿದರೆ ಚಂದ ಕಾಣುತ್ತದೆ, ತೋಳು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಂತ ಗಾಡಿಯ ಸ್ಟೇರಿಂಗ್ ತಿರುಗಿಸಬಾರದು. ಗಾಲಿ ಒಂದು ಗೇಣಾದರೂ ಉರುಳುತ್ತಿರುವಾಗ ತಿರುಗಿಸಿದರೆ ಅರ್ಧ ಭಾರ ಹೋದಂತೆ. ಇದನ್ನು ಶಿವಮೊಗ್ಗದಲ್ಲಿ ಮಾರುತಿ ಕಲಿಯುವಾಗ ನನಗೂ ಹೇಳಿಕೊಟ್ಟಿದ್ದರು. ಸೊಂಟಕ್ಕೆ ಬೆಲ್ಟನ್ನು ಅಳಿಯ ಹೊಸದಾಗಿ ಹಾಕಿಸಿದ. ಆ ವಿಷಯದಲ್ಲಿ ಅವನು ತಾಯಿಯ ಮಾತು ಕೇಳಲಿಲ್ಲ, ಸರಿಯೇ ಮಾಡಿದ.

ಆಗಸ್ಟ್ 1, ಗುರುವಾರ. ನಾಲ್ಕು ಮೈಲಿ ದೂರದಲ್ಲಿ ಒಬ್ಬ ರೈತ ರಸ್ತೆ ಬದಿಯಲ್ಲಿ ಸಿಹಿ ಮುಸುಕಿನ ಜೋಳ ಮಾರುತ್ತಾನೆ, ಅಲ್ಲಿಗೆ ಹೋಗುವುದೆಂದು ತೀರ್ಮಾನ. ಬಲಗಡೆ ಸೀಟಿನಲ್ಲಿ ನಾನು. ಕಾಲಿನಿಂದ ಒತ್ತಿ ಎಂಜಿನ್ ಚಾಲೂ ಮಾಡುವ ಪೆಡಲನ್ನು ಬೀಗಿತ್ತಿ ತುಳಿದರು. ಒಮ್ಮೆ ಕೆಮ್ಮಿ ನಿಂತಿತು, ಎರಡನೆಯ ಸಲ ಹಿಡಿಯಿತು. ಅಳಿಯ ಗಿಡಗಳಿಗೆ ನೀರು ಹಾಕುವವನಂತೆ ಬೇಲಿಯ ಬಳಿ ನಿಂತಿದ್ದ. ಪೈಪಿನಲ್ಲಿ ನೀರು ಬರುತ್ತಿರಲಿಲ್ಲ.

ದಾರಿಯಲ್ಲಿ ಬೀಗಿತ್ತಿ ಒಂದೂ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ. ಕಿಟಕಿಯಿಂದ ಹುಲ್ಲಿನ ವಾಸನೆ, ಬೆನ್ನ ಹಿಂದಿನಿಂದ ಪೆಟ್ರೋಲಿನ ವಾಸನೆ. ಮೊದಲ ಬಲ ತಿರುವಿನಲ್ಲಿ ಅವರು ತುಟಿ ಕಚ್ಚಿ, ಎರಡೂ ತೋಳಿನಿಂದ ಎಳೆದು, ಮೈ ನನ್ನ ಕಡೆಗೆ ವಾಲಿಸಿ ತಿರುಗಿಸಿದರು. ಥೇಟ್ ಆಗುಂಬೆಯ ಡ್ರೈವರು. ಎಡಗೈ ಹತ್ತು ಗಂಟೆಯ ಜಾಗಕ್ಕೆ ಹೋಗುತ್ತದೆಯೇ ಎಂದು ನಾನು ಗಮನಿಸಿದೆ. ಇಲ್ಲ, ಅವರ ಕೈ ಇನ್ನೂ ಕೆಳಗೆ, ಎಂಟು ಗಂಟೆಯ ಹತ್ತಿರ ಹಿಡಿಯಿತು. ಜೋಳದವನ ಅಂಗಳದಲ್ಲಿ ಗಾಡಿ ಹಿಂದಕ್ಕೆ ತಿರುಗಿಸುವುದೇ ಕಷ್ಟವಾಯಿತು. ನಾನು ಇಳಿದು ಸೀರೆ ಎತ್ತಿ ಕಟ್ಟಿಕೊಂಡು, “ಬರ್ಲಿ, ಬರ್ಲಿ, ಸಾಕು!” ಎಂದು ಕನ್ನಡದಲ್ಲೇ ಕೂಗಿದೆ. ಅವರಿಗೆ ಅರ್ಥವಾಯಿತು.

ಒಂದು ಡಜನ್ ತೆನೆ ತಂದೆವು. ಸಂಜೆ ನಾನು ಅವನ್ನು ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು, ಉಪ್ಪು, ಖಾರದ ಪುಡಿ ಸವರಿ ಕೊಟ್ಟೆ. ಅಳಿಯ ಒಳಗೆ ಹೋಗಿ ಒಂದು ಫ್ಲಾನೆಲ್ ಬಟ್ಟೆ ಬಿಡಿಸಿ ಆ ಕಪ್ಪು ತುಂಡನ್ನು ತಂದು ಮೇಜಿನ ಮೇಲಿಟ್ಟ. ಊಟ ಮುಗಿಯುವವರೆಗೂ ಅದು ಅಲ್ಲೇ ಇತ್ತು, ಯಾರೂ ಏನೂ ಹೇಳಲಿಲ್ಲ. ಬೀಗಿತ್ತಿ ಎರಡು ತೆನೆ ತಿಂದರು. ಬಲದ ತೋಳು ಎತ್ತಲಾಗುತ್ತಿಲ್ಲ ಎಂದು ಎಡಗೈಯಲ್ಲಿ ಹಿಡಿದು ತಿಂದರು, ನಾಳೆ ಅಂಚೆಕಚೇರಿಗೆ ಹೋಗಬೇಕು, ಬರುತ್ತೀರಾ ಎಂದು ನನ್ನನ್ನು ಕೇಳಿದರು.